ಅಂಚಿನ ನೀಲಿ

ಅಂಗಡಿಯಲ್ಲಿ ಅವರನ್ನು ಎಲ್ಲರೂ ಅತ್ತಿಗೆ ಎಂದೇ ಕರೆಯುತ್ತಿದ್ದರು. ನಿಜಕ್ಕೂ ಅವರು ಅತ್ತಿಗೆಯಾಗಿದ್ದದ್ದು ಒಬ್ಬನಿಗೆ ಮಾತ್ರ, ಪಕ್ಕದ ಕೋಣೆಯಲ್ಲಿ ಕ್ಯಾಮೆರಾ ಇಟ್ಟುಕೊಂಡು ಕೂತಿರುತ್ತಿದ್ದ ಮೈದುನನಿಗೆ. ಅವನು ದಿನವಿಡೀ "ಅತ್ತಿಗೇ, ಅತ್ತಿಗೇ" ಎಂದು ಕೂಗುವುದನ್ನು ಕೇಳಿ ಕೇಳಿ ಗಿರಾಕಿಗಳ ಬಾಯಲ್ಲೂ ಅದೇ ಕೂತುಬಿಟ್ಟಿತ್ತು. ತಲೆ ನರೆತ ಮುದುಕರು ಕೂಡ ಜೇಬು ತಡಕಿಕೊಳ್ಳುತ್ತ ಬಂದು, "ಅತ್ತಿಗೆ ಇದ್ದಾರಾ?" ಅಂತಲೇ ಕೇಳುವುದು.

ಹಳೆಯ ಬೆಳ್ಳಿ ನಾಣ್ಯಗಳಿಗೆ ದರ್ಜೆ ಕೊಡುವುದು ಅವರ ಕೆಲಸ. ನಾಣ್ಯ ಎಷ್ಟು ಸವೆದಿದೆ, ರಾಜನ ಮೂಗು ಉಳಿದಿದೆಯೋ, ಕೂದಲಿನ ಎಳೆ ಕಾಣುತ್ತದೆಯೋ, ಅಂಚಿಗೆ ಪೆಟ್ಟು ಬಿದ್ದಿದೆಯೋ, ಇದೆಲ್ಲ ದರ್ಜೆಗೆ ಬೇಕಾದ ವಿಚಾರ. ತಾಳ್ಮೆ ಇದ್ದರೆ ಯಾರು ಬೇಕಾದರೂ ಕಲಿಯಬಹುದು. ಅದರಾಚೆ ಇನ್ನೊಂದು ಇದೆ. ಅಂಗಡಿಯಲ್ಲಿ ಅದಕ್ಕೆ ಕಳೆ ಅನ್ನುತ್ತಾರೆ. ಕಣ್ಣು ಮೂಗು ಎಲ್ಲ ನೆಟ್ಟಗಿದ್ದರೂ ಕೆಲವರ ಮುಖದಲ್ಲಿ ಕಳೆಯೇ ಇರುವುದಿಲ್ಲವಲ್ಲ, ನಾಣ್ಯದ ಕತೆಯೂ ಹಾಗೇ.

ಬೆಳ್ಳಿಯನ್ನು ಮರದ ಪೆಟ್ಟಿಗೆಯಲ್ಲೋ ಕಾಗದದ ಪೊಟ್ಟಣದಲ್ಲೋ ಒಂದೆರಡು ತಲೆಮಾರು ಮುಟ್ಟದೆ ಬಿಟ್ಟರೆ ಅದಕ್ಕೆ ತಾನಾಗಿಯೇ ಬಣ್ಣ ಏರುತ್ತದೆ. ಅಂಚಿನಲ್ಲಿ ನೀಲಿ, ಅದರ ಒಳಗೆ ನೇರಳೆ, ನಡುವೆ ಜೇನಿನ ಬಣ್ಣ. ಅಂಥ ನಾಣ್ಯವನ್ನು ದೀಪದ ಕೆಳಗೆ ಓರೆ ಮಾಡಿದರೆ ಬೆಳಕು ಬಣ್ಣದ ಅಡಿಯಲ್ಲೇ ಒಂದು ಸುತ್ತು ಹೊಡೆದು ಬರುತ್ತದೆ. ಅಷ್ಟು ವರ್ಷ ಕಾಯಲಾರದ ಆಸೆಬುರುಕರು ಹೊಗೆ ಹಿಡಿಸಿ, ಏನೇನೋ ಸವರಿ ಬಣ್ಣ ಹಚ್ಚುವುದೂ ಇದೆ. ಆ ಬಣ್ಣ ಕಂದಾಗಿ, ಮಂಕಾಗಿ, ಕೊಳೆಯ ಹಾಗೆ ಮೇಲೆ ಕೂತಿರುತ್ತದೆ. ತಾನಾಗಿ ಬಂದದ್ದೋ, ಹಚ್ಚಿದ್ದೋ ಹೇಳುವುದರಲ್ಲಿ ಅತ್ತಿಗೆಯದು ಎತ್ತಿದ ಕೈ. ಬಲಗಣ್ಣಿಗೆ ಭೂತಗನ್ನಡಿ ಒತ್ತಿ, ಎಡಗಣ್ಣು ಮುಚ್ಚಿ, ನಾಣ್ಯದ ಅಂಚು ಹಿಡಿದು ಒಮ್ಮೆ ತಿರುಗಿಸಿದರೆ ಮುಗಿಯಿತು. ಅವರು ಹೇಳಿದ ಮೇಲೆ ಇನ್ನೊಂದು ಮಾತಿಲ್ಲ.

ಫಜೀತಿ ಶುರುವಾದದ್ದೇ ಅಲ್ಲಿಂದ.

ಒಂದು ಬೆಳಗ್ಗೆ ಬೀಗರು ಬಂದರು. ಬೀಗರೆಂದರೆ ಅತ್ತಿಗೆಯ ಮಗಳ ಮಾವ. ಜೀವಮಾನವೆಲ್ಲ ಬಸ್ ಓಡಿಸಿ ನಿವೃತ್ತರಾದವರು. ಶರ್ಟಿಗೆ ಇಸ್ತ್ರಿ ಹಾಕಿಕೊಂಡು, ಬೂಟು ಪಾಲಿಶ್ ಮಾಡಿಕೊಂಡು, ಕರವಸ್ತ್ರದಲ್ಲಿ ಒಂದು ನಾಣ್ಯ ಸುತ್ತಿಕೊಂಡು ಬಂದಿದ್ದರು.

"ನಮ್ಮಜ್ಜನದು. ನಾಣ್ಯ ಪ್ರದರ್ಶನಕ್ಕೆ ಅಜ್ಜನ ಹೆಸರಲ್ಲೇ ಇಡೋಣ ಅಂತ. ನೀವು ಬರೆದ ದರ್ಜೆ ಚೀಟಿ ಇದ್ರೆ ಕಣ್ಣು ಮುಚ್ಕೊಂಡು ತಗೋತಾರಂತೆ."

ಮೈದುನ ಎಲ್ಲ ನಾಣ್ಯಕ್ಕೂ ಮಾಡುವಂತೆ ಮೊದಲು ಫೋಟೋ ತೆಗೆದು ಒಳಗೆ ಕಳಿಸಿದ. ಅತ್ತಿಗೆ ನೋಡಿದರು. ಸವೆತ ಇಲ್ಲವೇ ಇಲ್ಲ. ಆದರೆ ಅಂಚಿನ ಸುತ್ತ ಕಂದು ಬಣ್ಣದ ಮಂಕು ಬಳೆ. ಅವರಿಗೆ ಕಸಿವಿಸಿಯಾಯಿತು. ಇನ್ನೊಮ್ಮೆ ತಿರುಗಿಸಿ ನೋಡಿದರು. ಅದೇ ಕಂದು.

"ದರ್ಜೆ ಚೆನ್ನಾಗಿದೆ ಬೀಗರೇ. ಆದ್ರೆ ಬಣ್ಣ ಹಚ್ಚಿದ್ದು."

"ಹಚ್ಚಿದ್ದಾ? ಅಜ್ಜ ಪೆಟ್ಟಿಗೇಲಿಟ್ಟಿದ್ದು. ಯಾರೂ ಮುಟ್ಟಿಲ್ಲ."

"ಯಾರೋ ಮುಟ್ಟಿದಾರೆ."

"ಅಂದ್ರೆ ನಮ್ಮಜ್ಜ ಮೋಸಗಾರ ಅಂತೀರಾ?"

"ನಾನು ನಾಣ್ಯದ ವಿಷಯ ಹೇಳ್ತಿದೀನಿ. ಅಜ್ಜನ ವಿಷಯ ಅಲ್ಲ."

ಅಯ್ಯೋ, ಒಂಚೂರು ಮೆತ್ತಗೆ ಹೇಳಿದ್ದರೆ ಇವರ ಗಂಟೇನು ಹೋಗುತ್ತಿತ್ತು? ಆದರೆ ಅತ್ತಿಗೆಗೆ ಆ ವಿದ್ಯೆ ಬರುವುದಿಲ್ಲ. ಬೀಗರು ಕರವಸ್ತ್ರ ಮಡಿಸಿ ಜೇಬಿಗಿಟ್ಟುಕೊಂಡು, ತರಿಸಿದ್ದ ಕಾಫಿಯನ್ನೂ ಮುಟ್ಟದೆ ಎದ್ದುಹೋದರು.

ಸಂಜೆಯೊಳಗೆ ಮಗಳ ಫೋನು. "ಅಮ್ಮಾ, ನಾನು ಇದೇ ಮನೇಲಿ ಇರೋದು ಅಂತ ನೆನಪಿದೆಯಾ ನಿಂಗೆ?"

"ನೋಡಿದ್ದು ಹೇಳ್ದೆ ಕಣೇ."

"ಮಾವ ಮುಖ ಎತ್ತಿ ಮಾತಾಡ್ತಿಲ್ಲ. ಅತ್ತೆ ಅಂತೂ ಪಾತ್ರೆ ಕುಕ್ಕೋ ಸದ್ದಲ್ಲೇ ಬೈತಿದಾರೆ. ಅಜ್ಜನ ಹೆಸರು ಅಂದ್ರೆ ಮಾವನಿಗೆ ಪ್ರಾಣ. ಚೆನ್ನಾಗಿದೆ ಅಂತ ಬರೆದುಕೊಟ್ಬಿಡಮ್ಮ, ನನ್ನ ಸಲುವಾಗಿ."

"ನಿನಗೋಸ್ಕರ ಬೇರೆ ಏನು ಬೇಕಾದ್ರೂ ಮಾಡ್ತೀನಿ. ಸುಳ್ಳು ಚೀಟಿ ಬರೆಯಲ್ಲ."

ಮಗಳು ಫೋನ್ ಇಟ್ಟುಬಿಟ್ಟಳು. ಅತ್ತಿಗೆಗೆ ಇದ್ದವಳು ಒಬ್ಬಳೇ ಮಗಳು. ಅವಳ ಮನೆಯ ನೆಮ್ಮದಿಗೆ ತಾವೇ ಕಲ್ಲು ಹಾಕಿದಂತಾಯಿತು. ಆದರೂ ಇವತ್ತು ಬೀಗರಿಗೆ ಅಂತ ಬಗ್ಗಿದರೆ, ನಾಳೆ ಯಾವ ಮುಖ ಹೊತ್ತುಕೊಂಡು ಬೇರೆಯವರ ನಾಣ್ಯವನ್ನು ಹಚ್ಚಿದ್ದು ಅನ್ನುವುದು?

ಈ ಮಧ್ಯೆ ಮೈದುನನೊಂದಿಗೆ ಬೇರೆಯದೇ ಜಗಳ ಹತ್ತಿಕೊಂಡಿತು. ಅವನ ಫೋಟೋದಲ್ಲಿ ಬೀಗರ ನಾಣ್ಯದ ಅಂಚು ನೀಲಿಯಂತೆ.

"ನೀಲಿ ಅಂತೆ ನೀಲಿ! ನಿನ್ನ ಕ್ಯಾಮೆರಾ ಸುಳ್ಳು ಹೇಳುತ್ತೆ. ಅಳಿಸು ಅದನ್ನ."

"ಅತ್ತಿಗೇ, ಬಾಕಿ ನಾಣ್ಯದ್ದೂ ಹೀಗೇ ಆಗ್ತಿದೆ. ನೀವು ಕಂದು ಅಂದಿದ್ದೆಲ್ಲ ನಂಗೆ ನೀಲಿ ಕಾಣ್ತಿದೆ."

"ಹಾಗಾದ್ರೆ ಬಲ್ಬು ಹಾಳಾಗಿದೆ."

ಬೇರೆ ಯಾರಾದರೂ ಆಗಿದ್ದರೆ ಏನು ಹೇಳುತ್ತಿದ್ದರೋ ಗೊತ್ತಿಲ್ಲ. ಈ ಇಬ್ಬರಂತೂ ಬೆಳಕಿನಲ್ಲೇ ಬಾಳಿದ ಜನ, ಬೆಳಕಿನ ಮೇಲೇ ಗೂಬೆ ಕೂರಿಸಿದರು. ಬಲ್ಬು ಬದಲಾಯಿಸಿದರು. ಆಗಲಿಲ್ಲ. ದೀಪದ ಛತ್ರಿ ತೊಳೆದರು. ಗೋಡೆಯ ಕೆನೆ ಬಣ್ಣ ನಾಣ್ಯದ ಮೇಲೆ ಬೀಳುತ್ತಿದೆ ಎಂದು ಅಚ್ಚ ಬಿಳಿ ಸುಣ್ಣ ಬಳಿಸಿದರು. ಸುಣ್ಣ ಬಳಿದವನು ಹೋದ ಮೇಲೆ ಅತ್ತಿಗೆ ಅಭ್ಯಾಸದಂತೆ ಎಡಗಣ್ಣು ಮುಚ್ಚಿ ಗೋಡೆ ನೋಡಿ, "ಬಿಳಿ ಅಂದ್ರೆ ಇದೇನೋ? ಹಳದಿ ಬೆರೆಸಿದಾನೆ" ಎಂದು ಬೈದರು. ಕಿಟಕಿಗೆ ಕಪ್ಪು ಪರದೆ ಬಂತು.

"ಇನ್ನು ಬಾಕಿ ಇರೋದು ಸೂರ್ಯ ಒಬ್ನೇ ಅತ್ತಿಗೇ. ಹೇಳಿ, ಅವನನ್ನೂ ಬಿಚ್ಚಿಸಿ ಬೇರೆ ಹಾಕಿಸ್ತೀನಿ."

"ಬಾಯಿ ಮುಚ್ಚು."

ಫೋಟೋವನ್ನು ಮಾತ್ರ ಅವನು ಅಳಿಸಿರಲಿಲ್ಲ. ಒಂದು ಮಧ್ಯಾಹ್ನ ಅದನ್ನೇ ಕಂಪ್ಯೂಟರಿನ ಪರದೆಯ ಮೇಲೆ ದೊಡ್ಡದು ಮಾಡಿ ಇಟ್ಟುಕೊಂಡು, "ಇಲ್ಲಿ ನೋಡಿ, ಇದು ಕಂದಾ?" ಎಂದು ಕೂಗಿದ. ಅತ್ತಿಗೆ ಎದ್ದು ಬಂದರು. ಬಾಗಿಲಲ್ಲಿ ಸುಣ್ಣದ ಚೂರೊಂದು ಉದುರಿ ಬಲಗಣ್ಣಿಗೆ ಬಿತ್ತು. ಆ ಕಣ್ಣನ್ನು ಅಂಗೈಯಿಂದ ಮುಚ್ಚಿಕೊಂಡು, ಸುಣ್ಣದವನಿಗೆ ಶಾಪ ಹಾಕುತ್ತಲೇ ಪರದೆಯ ಕಡೆ ತಿರುಗಿದರು.

ನೀಲಿ. ಅಂಚಿನ ಸುತ್ತ ನೀಲಿ, ಒಳಗೆ ನೇರಳೆ, ನಡುವೆ ಜೇನು.

ಕೈ ತೆಗೆದು ಎಡಗಣ್ಣು ಮುಚ್ಚಿಕೊಂಡರು. ಕಂದು. ಮತ್ತೆ ಬಲಗಣ್ಣು ಮುಚ್ಚಿದರು. ನೀಲಿ. ಗೋಡೆಯ ಕಡೆ ನೋಡಿದರು. ಒಂದು ಕಣ್ಣಿಗೆ ಹಾಲಿನ ಬಿಳಿ, ಇನ್ನೊಂದಕ್ಕೆ ಹಳೆ ಕಾಗದದ ಬಣ್ಣ. ಅಷ್ಟು ವರ್ಷ ಭೂತಗನ್ನಡಿ ಇಟ್ಟದ್ದೆಲ್ಲ ಬಲಗಣ್ಣಿಗೇ.

"ಬಲ್ಬು ಸರಿಯಾಗೇ ಇದೆ ಕಣೋ" ಎಂದರು ಮೆಲ್ಲಗೆ. "ನನ್ನ ಕಣ್ಣಿಗೆ ಪೊರೆ ಬಂದಿದೆ."

ಮೈದುನ ಏನೋ ತಮಾಷೆ ಮಾಡಲು ಹೋದವನು ಅವರ ಮುಖ ನೋಡಿ, ಅವರು ಕಂದು ಅಂದಿದ್ದ ಬಾಕಿ ನಾಣ್ಯಗಳ ಫೋಟೋ ಹುಡುಕಿ ಬೇರೆ ತೆಗೆದಿಡತೊಡಗಿದ. ಅತ್ತಿಗೆಗೆ ನಾಚಿಕೆಯಾಯಿತು. ಕಣ್ಣು ಕೆಟ್ಟಿತಲ್ಲ ಎಂದು ಹೆದರಿಕೆಯೂ ಆಯಿತು. ಆದರೆ ನಿಜ ಹೇಳಬೇಕೆಂದರೆ ಅವೆರಡಕ್ಕಿಂತ ಮೊದಲು ಎದೆ ಹಗುರವಾಯಿತು. ಬೀಗರ ನಾಣ್ಯ ಅಪ್ಪಟ. ಹೋಗಿ ತಪ್ಪಾಯಿತು ಎಂದರೆ ಸಾಕು, ಮಗಳ ಮನೆ ಮೊದಲಿನ ಹಾಗಾಗುತ್ತದೆ. ಫೋಟೋ ಅಚ್ಚು ಹಾಕಿಸಿ ಚೀಲಕ್ಕೆ ಹಾಕಿಕೊಂಡು ಆಗಲೇ ಹೊರಟರು.

ಬಾಗಿಲು ತೆಗೆದವಳು ಮಗಳು. ಅವಳು ಏನಾದರೂ ಕೇಳುವ ಮೊದಲೇ ಒಳಗಿನಿಂದ ಬೀಗರು ಬಂದರು. ಮುಖ ಅರಳಿತ್ತು.

"ಬನ್ನಿ ಬನ್ನಿ, ನಾನೇ ಬರೋನಿದ್ದೆ. ಅವತ್ತು ಸಿಟ್ಟು ಮಾಡ್ಕೊಂಡು ಬಂದ್ಬಿಟ್ಟೆ, ಮನಸ್ಸಲ್ಲಿಟ್ಕೋಬೇಡಿ. ಆಮೇಲೆ ಯೋಚನೆ ಮಾಡ್ದೆ. ಸ್ವಂತ ಬೀಗರು ಅಂತಾನೂ ನೋಡ್ದೆ ಹೇಳಿದಾರೆ ಅಂದ್ಮೇಲೆ ಅದು ನಿಜಾನೇ ಇರ್ಬೇಕು. ಅಜ್ಜನಿಗೆ ಯಾರೋ ಟೋಪಿ ಹಾಕಿದಾರೆ. ಆ ಕಳ್ಳ ಬಣ್ಣ ನಮ್ಮನೇಲಿ ಯಾಕಿರ್ಬೇಕು, ಅಲ್ವಾ?"

ಅವರು ಕರವಸ್ತ್ರ ಬಿಚ್ಚಿದರು. ನಾಣ್ಯ ಫಳಫಳ ಬೆಳ್ಳಗಿತ್ತು.

"ಹಲ್ಲುಜ್ಜೋ ಪೇಸ್ಟು, ಹಳೇ ಬ್ರಷ್ಷು. ಕೂತು ತಿಕ್ಕಿದೆ ನೋಡಿ! ಬಸ್ಸು ತೊಳೆದ ಕೈ ಇದು. ಒಂದು ಚೂರು ಬಿಟ್ಟಿಲ್ಲ."

ಅತ್ತಿಗೆ ಭೂತಗನ್ನಡಿ ತೆಗೆದು ಎಡಗಣ್ಣಿಗೆ ಒತ್ತಿಕೊಂಡರು. ರಾಜನ ಕೆನ್ನೆಯಿಂದ ಅಂಚಿನವರೆಗೆ ಕೂದಲೆಳೆಯಂಥ ಗೀರುಗಳು. ಓರೆ ಮಾಡಿದರೆ ಬೆಳಕು ಸುತ್ತಲಿಲ್ಲ, ಬಿದ್ದಲ್ಲೇ ಬಿದ್ದಿತ್ತು. ಕಳೆ ಹೋಗಿತ್ತು.

ತಲೆ ಎತ್ತಿದರೆ ಬೀಗರು ಶಾಲೆಯಲ್ಲಿ ಬಹುಮಾನ ಬಂದ ಹುಡುಗನ ಹಾಗೆ ನಿಂತಿದ್ದಾರೆ. ಹಿಂದೆ ಮಗಳು ನಗುತ್ತಿದ್ದಾಳೆ. ಬೀಗಿತ್ತಿ ಕಾಫಿ ತರುತ್ತಿದ್ದಾರೆ, ಪಾತ್ರೆಯ ಸದ್ದಿಲ್ಲ. ಎಲ್ಲ ಸರಿಹೋಗಿದೆ. ಚೀಲದ ಬಾಯಿ ಮುಚ್ಚಿಕೊಂಡು, "ಚೆನ್ನಾಗಾಯ್ತು ಬಿಡಿ" ಅಂದುಬಿಟ್ಟರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. ಅಯ್ಯೋ ದೇವರೇ, ಅಂದುಬಿಡಲೇ ಎಂದು ಅವರಿಗೆ ಎಷ್ಟು ಅನಿಸಿತೆಂದರೆ ಚೀಲದ ಬಾಯನ್ನು ಒಮ್ಮೆ ಮುಚ್ಚಿಯೂಬಿಟ್ಟರು.

ಫೋಟೋ ಹೊರಗೆ ತೆಗೆದು ಮೇಜಿನ ಮೇಲಿಟ್ಟರು.

"ಆಹಾ, ಎಂಥ ನಾಣ್ಯ!" ಎಂದರು ಬೀಗರು. "ಯಾರದಿದು?"

"ನಿಮ್ಮದೇ."

ಬೀಗರು ನಕ್ಕರು. ಆಮೇಲೆ ಫೋಟೋ ಎತ್ತಿಕೊಂಡು ನೋಡಿದರು. ನಗು ನಿಂತಿತು. ಅತ್ತಿಗೆ ಎಲ್ಲವನ್ನೂ ಹೇಳಿದರು. ಕಣ್ಣು, ಪೊರೆ, ಕಂದು, ನೀಲಿ. "ಬಣ್ಣ ಅಪ್ಪಟ. ಅಜ್ಜ ಮುಟ್ಟಿರ್ಲಿಲ್ಲ. ಯಾರೂ ಟೋಪಿ ಹಾಕಿರ್ಲಿಲ್ಲ. ಹಾಳು ಮಾಡಿದ್ದು ನನ್ನ ಮಾತು."

ಬೀಗಿತ್ತಿ ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಒಳಗೆ ಹೋದರು. ಮಗಳು ಗೋಡೆ ಹಿಡಿದು ನಿಂತಳು. ಬೀಗರು ಕುರ್ಚಿಯಲ್ಲಿ ಕೂತು, ಒಂದು ಕೈಯಲ್ಲಿ ಫೋಟೋ, ಒಂದು ಕೈಯಲ್ಲಿ ನಾಣ್ಯ ಹಿಡಿದು ಒಂದನ್ನೊಂದು ಹೋಲಿಸಿ ನೋಡಿದರು.

"ಆ ಬಣ್ಣ ಮತ್ತೆ ಬರುತ್ತಾ?"

"ಪೆಟ್ಟಿಗೇಲಿಟ್ರೆ ಏನೋ ಒಂದು ಬರಬಹುದು, ಮೊಮ್ಮಕ್ಕಳ ಕಾಲಕ್ಕೆ. ಗೀರು ಹೋಗಲ್ಲ."

"ಚೀಟಿ ಬರೀರಿ" ಎಂದರು ಬೀಗರು. ಧ್ವನಿ ಒರಟಾಗಿತ್ತು. "ಇದ್ದದ್ದು ಇದ್ದ ಹಾಗೇ ಬರೀರಿ. ನನಗೂ ಸುಳ್ಳು ಬೇಡ."

ಹಾಗೆ ಉಜ್ಜಿ ಕೆಡಿಸಿದ ನಾಣ್ಯಕ್ಕೆ ಅಂಗಡಿಯಲ್ಲಿ ದರ್ಜೆ ಕೊಡುವುದಿಲ್ಲ. ಚೀಟಿಯಲ್ಲಿ ಒಂದೇ ಪದ ಬರೆಯುವುದು ರೂಢಿ. ಅತ್ತಿಗೆ ಬರೆದರು: ತಿಕ್ಕಿದ್ದು. ಬರೆದು ಅವರ ಮುಂದಿಟ್ಟರು. ಬೀಗರು ಓದಿ, ತಮ್ಮ ಕೈಗಳನ್ನು ನೋಡಿಕೊಂಡರು. ಬಸ್ಸು ತೊಳೆದ ಆ ಕೈಗಳನ್ನು.

ಅತ್ತಿಗೆಗೆ ತಡೆಯಲಾಗಲಿಲ್ಲ. ಚೀಟಿಯನ್ನು ವಾಪಸ್ ಎಳೆದುಕೊಂಡು, ಪದದ ನಡುವೆ ಮೇಲುಗಡೆ ಒಂದು ಅಕ್ಷರ ಸೇರಿಸಿ, ಕೆಳಗೆ ತಮ್ಮ ಸಹಿ ಹಾಕಿದರು.

ಬೀಗರು ಈ ಸಲ ಗಟ್ಟಿಯಾಗಿ, ನಿಧಾನವಾಗಿ ಓದಿದರು. "ತಿಕ್ಕಿಸಿದ್ದು."

ಚೀಟಿಯನ್ನು ಮಡಿಸಿ, ನಾಣ್ಯದ ಜೊತೆ ಕರವಸ್ತ್ರದಲ್ಲಿ ಸುತ್ತಿದರು. ಅತ್ತಿಗೆ ಚೀಲ ಹೆಗಲಿಗೇರಿಸಿಕೊಂಡು ಎದ್ದರು. ಯಾರೂ ತಡೆಯಲಿಲ್ಲ. ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದಾಗ ಹಿಂದಿನಿಂದ ಬೀಗರ ಮಾತು ಕೇಳಿಸಿತು. ಅವರು ಸೊಸೆಗೆ ಹೇಳುತ್ತಿದ್ದರು.

"ನಿಮ್ಮಮ್ಮನ್ನ ಒಬ್ಬರನ್ನೇ ಕಳಿಸ್ಬೇಡಮ್ಮ. ಬಲಗಡೆಯಿಂದ ಬರೋ ಗಾಡಿ ಅವರಿಗೆ ಸರಿಯಾಗಿ ಕಾಣಲ್ಲ. ರಸ್ತೆ ದಾಟಿಸಿ ಬಾ."