ರಾಜಮತಿಯ ಪಶ್ಚಿಮದ ಗಡಿ

“ಪಪ್ಪಾ, ಯಾವ ದೇಶಾ ಬೇಕಾದ್ರ ತಗೋರಿ, ಸ್ಪೇನ್ ಒಂದ ತಗೋಬ್ಯಾಡ್ರಿ,” ಎಂದ ನನ್ನ ಮಗ ವೈಭವ. “ಅದು ಬರೇ ನಸೀಬದ ದೇಶಾ.”

ಬೇಡ ಎಂದನಲ್ಲ, ಅದಕ್ಕೇ ಸ್ಪೇನ್ ತೆಗೆದುಕೊಂಡೆ. ಇಚಲಕರಂಜಿಯಲ್ಲಿ ಮೂವತ್ತು ವರ್ಷ ನೂಲಿನ ವ್ಯಾಪಾರ ಮಾಡಿದವನಿಗೆ ನಸೀಬದ ಪಾಠ ಹೇಳಲು ಬಂದಿದ್ದಾನೆ, ದೊಡ್ಡ ಶಾಣ್ಯಾ. ಹಮಾಲರಿಗೆ ಚೀಲ ಇಳಿಸಲು ಬರುವುದಿಲ್ಲವೆಂದು ನಾನೇ ಟೆಂಪೋ ಹತ್ತಿ, ಚೀಲಕ್ಕಿಂತ ಮೊದಲು ನಾನೇ ಕೆಳಗಿಳಿದಿದ್ದೆ. ಬಲಗಾಲಿಗೆ ಎಂಟು ವಾರ ಪ್ಲಾಸ್ಟರ್. ಹಾಸಿಗೆಯಿಂದಲೇ ಫೋನಿನಲ್ಲಿ ಅಂಗಡಿ ನಡೆಸತೊಡಗಿದ ಮೂರನೆಯ ದಿನ ವೈಭವ ತನ್ನ ಹಳೆಯ ಲ್ಯಾಪ್‌ಟಾಪ್ ತಂದು, ಒಂದು ಆಟ ಹಚ್ಚಿ ನನ್ನ ತೊಡೆಯ ಮೇಲಿಟ್ಟು, ಫೋನು ಕಿತ್ತುಕೊಂಡು ಹೋದ.

ಆಟ ಹೀಗೆ. ಒಂದು ದೇಶ ಆರಿಸಿಕೊಳ್ಳಬೇಕು, ಒಂದು ಊರು ಕಟ್ಟಬೇಕು. ನಕಾಶೆಯೆಲ್ಲ ಕಪ್ಪು; ನಡೆದಷ್ಟೇ ಕಾಣುತ್ತದೆ. ನಾವೊಂದು ನಡೆ ನಡೆದರೆ ಉಳಿದ ದೇಶಗಳೂ ಒಂದೊಂದು ನಡೆ ನಡೆಯುತ್ತವೆ. ಆ ಕಪ್ಪಿನೊಳಗೆ ಅಲ್ಲಲ್ಲಿ ಅದ್ಭುತಗಳನ್ನು ಇಟ್ಟಿರುತ್ತಾರೆ. ಎಲ್ಲೋ ಒಂದು ಬೆಂಕಿಯ ಬೆಟ್ಟ, ಎಲ್ಲೋ ಒಂದು ಜಲಪಾತ. ಸ್ಪೇನಿನವರು ಎಲ್ಲರಿಗಿಂತ ಮೊದಲು ಅದನ್ನು ಕಂಡರೆ ರಾಶಿ ಬಂಗಾರ. ಬೇರೆಯವರು ಮೊದಲು ಕಂಡಿದ್ದರೆ ಚಿಲ್ಲರೆ. ಏನೂ ಕಾಣದಿದ್ದರೆ ಸ್ಪೇನಿನಂಥ ದರಿದ್ರ ದೇಶ ಇನ್ನೊಂದಿಲ್ಲ. ನಾನು ಹತ್ತು ನಡೆ ನೋಡುತ್ತಿದ್ದೆ. ಏನೂ ಸಿಗದಿದ್ದರೆ ಅಳಿಸಿ ಹೊಸ ಜಗತ್ತು ತೆಗೆಯುತ್ತಿದ್ದೆ. ಮೊದಲ ವಾರದಲ್ಲಿ ನಲವತ್ತೊಂದು ಜಗತ್ತು ಅಳಿಸಿದೆ.

ಆಮೇಲೊಂದು ಮಧ್ಯಾಹ್ನ ನನ್ನ ಹೆಂಡತಿ ರಾಜಮತಿ ಅಕ್ಕಿ ಆರಿಸುವ ಮೊರ ತಂದು ಪಕ್ಕದಲ್ಲಿ ಕೂತಳು.

“ಈ ಮನಶ್ಯಾ ಯಾರ್ರಿ?”

“ಹಾದಿ ಹುಡುಕಾಂವ.”

“ನಮ್ಮ ತಾತ್ಯಾಸಾಹೇಬನಂಗ ಅದಾನ.”

ತಾತ್ಯಾಸಾಹೇಬ ಅವಳ ಅಣ್ಣ, ಗಡಹಿಂಗ್ಲಜದವನು. ಜೀಪು ಹತ್ತಿದರೆ ಇಳಿಯುವ ಆಸಾಮಿಯಲ್ಲ. ಅಂದಿನಿಂದ ಸ್ಪೇನಿನ ಶೋಧಕನಿಗೆ ನಮ್ಮ ಮನೆಯಲ್ಲಿ ತಾತ್ಯಾ ಎಂದೇ ಹೆಸರು.

“ನೀನ ಒಂದು ನಡೆ ನಡಸಿ ನೋಡು,” ಎಂದೆ.

“ಒಲ್ಲೆರಿ. ನನಗ ದೋಷ ಬರತೈತಿ.”

ಅದು ನಮ್ಮ ಜೈನರ ಚಾತುರ್ಮಾಸ. ನಾಲ್ಕು ತಿಂಗಳು ಊರ ಗಡಿ ದಾಟುವುದಿಲ್ಲವೆಂದು ಅವಳು ವ್ರತ ಹಿಡಿದಿದ್ದಳು. ಆ ವ್ರತದಲ್ಲಿ ಗಡಿಯಾಚೆ ತಾನೂ ಹೋಗಬಾರದು, ಇನ್ನೊಬ್ಬರನ್ನೂ ಕಳಿಸಬಾರದು. ಲ್ಯಾಪ್‌ಟಾಪಿನ ತಾತ್ಯಾ ಈ ಲೆಕ್ಕಕ್ಕೆ ಬರುತ್ತಾನೋ ಇಲ್ಲವೋ ಎಂದು ಅರ್ಧ ತಾಸು ವಾದ ಮಾಡಿದೆವು. ಬರುತ್ತಾನೆಂದು ತೀರ್ಮಾನವಾಯಿತು. ತೀರ್ಮಾನ ಕೊಟ್ಟವಳು ಅವಳೇ.

“ನೀವು ಕಳಸ್ರಿ. ನಾ ಬರೇ ಕುಂತು ನೋಡತೇನಿ.”

ಎಲ್ಲಿ ಬರೇ ನೋಡುತ್ತಾಳೆ! ಯುದ್ಧ ಬೇಡ ಎಂದಳು, ಸೈನ್ಯ ಬಿಟ್ಟೆ. ಹಂದಿಯ ದೊಡ್ಡಿ ಬೇಡ, ಮೀನಿನ ದೋಣಿ ಬೇಡ ಎಂದಳು. ಸ್ಪೇನಿನ ಜನ ಬಾಳೆಹಣ್ಣು, ಕಬ್ಬು ತಿಂದುಕೊಂಡು ಬದುಕಬೇಕಾಯಿತು. ನೆರೆಯ ದೇಶದ ರಾಜರು ಬಂದು ಗದರಿದರೆ ನಾನು ಕ್ಷಮೆ ಕೇಳುತ್ತಿದ್ದೆ. ನನ್ನ ಸ್ವಭಾವ ಬಲ್ಲ ಮಾರ್ಕೆಟ್ಟಿನವರು ಇದನ್ನು ನಂಬುವುದಿಲ್ಲ.

ತಾತ್ಯಾ ಎಲ್ಲಿಗೆ ಹೋಗಬೇಕೆಂದು ಮಾತ್ರ ಅವಳು ಹೇಳುತ್ತಿರಲಿಲ್ಲ. ಮೊರದಿಂದ ತಲೆಯೆತ್ತಿ, ಪರದೆಯ ಎಡಗಡೆಯ ಕಪ್ಪಿನ ಮೇಲೆ ಬೆರಳಿಟ್ಟು, “ಈ ಕಡೆ ಏನ ಐತ್ರಿ?” ಎಂದು ಕೇಳುತ್ತಿದ್ದಳು.

“ಏನೂ ಇಲ್ಲ,” ಎಂದು ನಾನು ಬಲಗಡೆ ಹೋಗುತ್ತಿದ್ದೆ. ನನಗೂ ಅನುಭವ ಅಂತ ಒಂದಿತ್ತಲ್ಲ.

ನಾಲ್ಕನೆಯ ವಾರ ಅವಳು ಅಕ್ಕಿ ಆರಿಸುತ್ತಲೇ ಹೇಳಿದಳು. “ಅನಂತ ಚತುರ್ದಶಿಗೆ ದಿಗ್ವ್ರತ ತಗೋತೇನ್ರಿ. ಬಸದ್ಯಾಗ ಮುನಿ ಮಹಾರಾಜರನ್ನ ಕೇಳೇನಿ.”

ದಿಗ್ವ್ರತ ನಾಲ್ಕು ತಿಂಗಳಿನದಲ್ಲ, ಜೀವ ಇರುವ ತನಕದ್ದು. ನಾಲ್ಕು ದಿಕ್ಕಿಗೆ ನಾಲ್ಕು ಗಡಿ ಹೇಳಬೇಕು. ಒಮ್ಮೆ ಹೇಳಿದ ಮೇಲೆ ಅದರಾಚೆ ಹೆಜ್ಜೆ ಇಡುವ ಹಾಗಿಲ್ಲ.

“ಎಲ್ಲಿ ತನಕ?” ಎಂದೆ.

“ಉತ್ತರಕ್ಕ ಕುಂಭೋಜ. ಪೂರ್ವಕ್ಕ ಶೇಡಬಾಳ. ದಕ್ಷಿಣಕ್ಕ ಗಡಹಿಂಗ್ಲಜ, ತವರಮನಿ. ಪಶ್ಚಿಮಕ್ಕ ಕೊಲ್ಹಾಪುರ. ಸಾಕಲ್ರಿ?”

ಕೊಲ್ಹಾಪುರ ಎಂದಾಗ ನಾನು ಲ್ಯಾಪ್‌ಟಾಪಿನಿಂದ ತಲೆಯೆತ್ತಿದೆ.

ರಾಜಮತಿ ಸಮುದ್ರ ನೋಡಿಲ್ಲ. ಮದುವೆಯಾದ ಹೊಸತರಲ್ಲಿ, ಕೊಲ್ಹಾಪುರದಾಚೆ ಕಡಲತಡಿಯ ದೇವಗಡಕ್ಕೆ ಕರೆದುಕೊಂಡು ಹೋಗುತ್ತೇನೆಂದು ನಾನೇ ಹೇಳಿದ್ದೆ. ವರ್ಷಾ ವರ್ಷಾ ಕೇಳುತ್ತಿದ್ದಳು. “ದೀಪಾವಳಿ ಆಗ್ಲಿ” ಎನ್ನುತ್ತಿದ್ದೆ. ಒಮ್ಮೆ ತಾತ್ಯಾಸಾಹೇಬನ ಜೀಪಿನಲ್ಲಿ ಕೊಲ್ಹಾಪುರ ದಾಟಿ ಗಗನಬಾವಡಾ ಘಾಟಿನ ತನಕ ಹೋಗಿದ್ದೆವು. ನೂಲಿನ ಲಾರಿ ಮಗುಚಿದೆಯೆಂದು ಫೋನು ಬಂತು, ಜೀಪು ತಿರುಗಿಸಲು ಹೇಳಿದೆ. ನಾನು ಹೋದೆನೆಂದು ಲಾರಿಯೇನೂ ಎದ್ದು ನಿಲ್ಲಲಿಲ್ಲ. ಅದಾದ ಮೇಲೆ ಅವಳು ಕೇಳುವುದನ್ನೇ ಬಿಟ್ಟಳು. ಬಿಟ್ಟದ್ದು ನನಗೆ ಗೊತ್ತೇ ಆಗಲಿಲ್ಲ, ಅಂಥ ಗಂಡ ನಾನು. ಈಗ ನನ್ನ ಕಾಲು ಪ್ಲಾಸ್ಟರಿನಲ್ಲಿ, ಅವಳು ಚಾತುರ್ಮಾಸದಲ್ಲಿ. ಚತುರ್ದಶಿಯೊಳಗೆ ಎಲ್ಲಿಗೂ ಕರೆದೊಯ್ಯುವಂತಿಲ್ಲ. ಅಂದು ಅವಳು ಕೊಲ್ಹಾಪುರ ಎಂದುಬಿಟ್ಟರೆ ಸಮುದ್ರ ಈ ಜನ್ಮಕ್ಕಿಲ್ಲ.

“ಪಶ್ಚಿಮಕ್ಕ ಒಂದೀಟು ಜಾಗಾ ಇಟ್ಕೋ,” ಎಂದೆ.

“ಯಾಕ್ರಿ?”

“ಇರಲಿ ಅಂತ.”

“ಯಾರು ಕರಕೊಂಡು ಹೊಕ್ಕಾರ?”

ತಾತ್ಯಾನನ್ನು ಬಲಗಡೆ ಎರಡು ನಡೆ ಓಡಿಸಿದೆ. ಮರುಭೂಮಿ ಬಂತು.

ಚತುರ್ದಶಿಗೆ ಎರಡು ದಿನ ಇರುವಾಗ ಮತ್ತೊಂದು ಹೊಸ ಜಗತ್ತು ತೆಗೆದೆ. ರಾಜಮತಿ ಎಂದಿನಂತೆ ಎಡಗಡೆ ಬೆರಳಿಟ್ಟು, “ಈ ಕಡೆ ಏನ ಐತ್ರಿ?” ಎಂದಳು. ಆಗ ಹೊಳೆಯಿತು, ಈ ಮಡ್ಡ ತಲೆಗೆ. ನಕಾಶೆಯಲ್ಲಿ ಎಡಗಡೆ ಎಂದರೆ ಪಶ್ಚಿಮ. ಅವಳು ಕೇಳುವುದನ್ನು ಬಿಟ್ಟಿರಲಿಲ್ಲ. ಐದು ವಾರದಿಂದ ದಿನಾ ಕೇಳುತ್ತಿದ್ದಳು.

“ನೋಡೂಣು ತಡಿ,” ಎಂದು ತಾತ್ಯಾನನ್ನು ಎಡಕ್ಕೆ ತಿರುಗಿಸಿದೆ.

ಕಾಡು. ಜವುಗು. ಮತ್ತೆ ಕಾಡು. ಹತ್ತು ನಡೆ ಕಳೆಯಿತು, ಏನೂ ಇಲ್ಲ, ಆದರೂ ಅಳಿಸಲಿಲ್ಲ. ಹತ್ತೊಂಬತ್ತನೆಯ ನಡೆಗೆ ದರೋಡೆಕೋರರು ಬೆನ್ನು ಹತ್ತಿದರು. ರಾಜಮತಿ ಕೈ ಮುಗಿದುಕೊಂಡು ಣಮೋಕಾರ ಮಂತ್ರ ಹೇಳತೊಡಗಿದಳು. ತಾತ್ಯಾ ಹೇಗೋ ತಪ್ಪಿಸಿಕೊಂಡ. ಇಪ್ಪತ್ತಾರನೆಯ ನಡೆಗೆ ಒಂದು ಗುಡ್ಡ ಹತ್ತಿ ನಿಂತ. ಕಪ್ಪು ಸರಿಯಿತು. ಪರದೆಯ ತುಂಬ ನೀಲಿ ನೀರು, ನೀರಿನೊಳಗೆ ಕೆಂಪು ಹಳದಿ ಹವಳದ ದಿಬ್ಬ.

ಪರದೆಯ ಮೇಲೆ ಒಂದು ಚೀಟಿ ಬಂತು. ಬೇರೆ ದೇಶದವರು ನಾಲ್ಕು ನಡೆ ಮೊದಲೇ ಇದನ್ನು ಕಂಡಿದ್ದರು. ನಮಗೆ ಚಿಲ್ಲರೆ.

“ಥೂ ಇದರ!” ಎಂದು ಅಳಿಸಲು ಹೋದೆ. ರಾಜಮತಿ ಕೈ ಹಿಡಿದಳು.

“ಯಾಕ ಅಳಸ್ತೀರಿ?”

“ಮಂದಿ ಮೊದಲ ನೋಡ್ಯಾರ. ನಮಗ ತಡಾ ಆತು.”

“ಆದ್ರ ಆತೇಳ್ರಿ. ಕಂಡೈತಿಲ್ಲೋ?”

ಆಮೇಲೆ ಅವಳು ಅಕ್ಕಿ ಮುಟ್ಟಲಿಲ್ಲ. ಆ ನೀಲಿಯನ್ನೇ ನೋಡುತ್ತ ಕೂತಳು. ನಾನೂ ಮುಂದಿನ ನಡೆ ನಡೆಸಲಿಲ್ಲ.

“ಬಾವಡಾ ಘಾಟಿನಿಂದ ಅವತ್ತ ತಿರುಗಸಬಾರದಿತ್ತು,” ಎಂದೆ. “ನಂದ ತಪ್ಪು.”

“ಊಟಕ್ಕ ಏಳ್ರಿ,” ಎಂದಳು. “ಹೊತ್ತು ಮುಳಗತೈತಿ.”

ಚತುರ್ದಶಿಯ ಬೆಳಿಗ್ಗೆ ವೈಭವ ನನ್ನನ್ನು ಎತ್ತಿ ರಿಕ್ಷಾದಲ್ಲಿ ಕೂರಿಸಿದ. ಬಸದಿಯಲ್ಲಿ ಎಲ್ಲರೂ ನೆಲದ ಮೇಲೆ. ನಾನೊಬ್ಬ ಕುರ್ಚಿಯ ಮೇಲೆ, ಪ್ಲಾಸ್ಟರಿನ ಕಾಲು ಚಾಚಿಕೊಂಡು. ಚಾತುರ್ಮಾಸಕ್ಕೆ ತಂಗಿದ್ದ ಮುನಿ ಮಹಾರಾಜರು ಗಡಿಗಳನ್ನು ಕೇಳಿದರು. ರಾಜಮತಿ ಕೈ ಮುಗಿದು ಹೇಳಿದಳು.

“ಉತ್ತರಕ್ಕ ಕುಂಭೋಜ. ಪೂರ್ವಕ್ಕ ಶೇಡಬಾಳ. ದಕ್ಷಿಣಕ್ಕ ಗಡಹಿಂಗ್ಲಜ.”

ನಾನು ಕುರ್ಚಿಯ ಹಿಡಿಕೆ ಗಟ್ಟಿಯಾಗಿ ಹಿಡಿದುಕೊಂಡೆ.

“ಪಶ್ಚಿಮಕ್ಕ?” ಎಂದರು ಮಹಾರಾಜರು.

“ಸಮುದ್ರ.”

ಹಿಂದೆ ಕೂತ ಹೆಂಗಸರು ಮುಖ ಮುಖ ನೋಡಿಕೊಂಡರು.

“ಗಡಿ ಖಚಿತ ಇರಬೇಕ ತಾಯಿ. ಸಮುದ್ರ ಅಂದ್ರ ಎಲ್ಲಿ ತನಕ?”

“ಕಾಲಿಗೆ ನೀರು ತಾಗೂತನಕ, ಮಹಾರಾಜ.”

ಮಹಾರಾಜರು ನವಿಲುಗರಿಯ ಪಿಂಛಿ ಎತ್ತಿ ಆಶೀರ್ವಾದ ಮಾಡಿದರು. ನನ್ನ ಕಣ್ಣಲ್ಲಿ ನೀರು ಬಂತು. ಕಾಲು ನೋಯುತ್ತಿದೆಯೇ ಎಂದು ವೈಭವ ಕೇಳಿದ, ಹೌದೆಂದೆ.

ಮನೆಗೆ ಬರುವಾಗ ರಿಕ್ಷಾದಲ್ಲಿ ಅವಳು ನನ್ನ ಪಕ್ಕದಲ್ಲೇ ಕೂತಿದ್ದಳು. ವರ್ಷಾ ವರ್ಷಾ ಅವಳು ಕೇಳುತ್ತಿದ್ದುದನ್ನು ಈ ಸಲ ನಾನು ಕೇಳಿದೆ.

“ಯಾವಾಗ ಹೋಗೂಣು?”

ರಾಜಮತಿ ಸೆರಗು ಸರಿಪಡಿಸಿಕೊಂಡಳು.

“ದೀಪಾವಳಿ ಆಗ್ಲಿ,” ಎಂದಳು.