ಯಾವ ವೈರು ಎಲ್ಲಿಗೆ

ತಪ್ಪು ಮಾಡಿದ್ದು ಅಕ್ಕ. ಅವಳ ಕಸುಬೇ ಮಾಡಿಸಿತು ಅಂದರೂ ಸರಿ. ಮೂವತ್ತು ವರ್ಷ ಬಟ್ಟೆ ಹೊಲಿದ ಕೈ ಅದು. ಹಳೇ ಅಂಗಿಯ ಅಳತೆಗೆ ಹೊಸದು ಬೇಕೆಂದರೆ ಮೊದಲು ಹಳೆಯದರ ಹೊಲಿಗೆ ಬಿಚ್ಚಿ, ತೋಳು, ಬೆನ್ನು, ಕಾಲರು ಎಲ್ಲವನ್ನೂ ಮೇಜಿನ ಮೇಲೆ ಹರಡಿಕೊಳ್ಳುವುದು ಆ ಕೈಗೆ ಗೊತ್ತಿದ್ದ ದಾರಿ. ಭಾನುವಾರ ಬೆಳಿಗ್ಗೆ ಮನೆ ಮುಂದಿನ ಹಳೇ ಕಾರಿನ ಬಾನೆಟ್ ಎತ್ತಿದವಳು ಪ್ಲಗ್ ವೈರುಗಳನ್ನೂ ಹಾಗೆಯೇ ಒಟ್ಟಿಗೆ ಕಿತ್ತಳು. ಒರೆಸಿ, ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಉದ್ದದಿಂದ ಗಿಡ್ಡಕ್ಕೆ ಸಾಲಾಗಿ ಮಲಗಿಸಿದಳು. ಯಾವುದು ಎಲ್ಲಿಂದ ಬಂತು ಅನ್ನುವ ಪ್ರಶ್ನೆ ಹೊಳೆಯುವ ಹೊತ್ತಿಗೆ ಕಾಲ ಮಿಂಚಿ ಹೋಗಿತ್ತು.

ಇಂಜಿನ್ನಿಗೆ ನಾಲ್ಕು ಪ್ಲಗ್ಗು. ಒಂದು ಗುಂಡನೆಯ ಮುಚ್ಚಳದಿಂದ ನಾಲ್ಕು ವೈರು ಹೊರಟು ಸರದಿಯ ಪ್ರಕಾರ ಒಂದೊಂದಕ್ಕೂ ಕಿಡಿ ಮುಟ್ಟಿಸಬೇಕು. ಸರದಿ ತಪ್ಪಿದರೆ ಗಾಡಿ ಕೆಮ್ಮುತ್ತದೆ, ಢಬ್ ಅನ್ನುತ್ತದೆ, ಹೊರಡುವುದಿಲ್ಲ.

ಕಾರು ಅವಳ ಯಜಮಾನರದು. ಟ್ಯಾಕ್ಸಿ ಓಡಿಸಿಕೊಂಡೇ ಬದುಕಿದ ಮನುಷ್ಯ, ತೀರಿಕೊಂಡು ಹದಿನಾಲ್ಕು ತಿಂಗಳಾಗಿತ್ತು. ಅವಳ ತಮ್ಮನಿಗೆ ಎರಡೂ ಮೂತ್ರಪಿಂಡ ಕೈಕೊಟ್ಟಾಗಿನಿಂದ ವಾರಕ್ಕೆ ಮೂರು ಬೆಳಿಗ್ಗೆ ಅವನನ್ನು ರಕ್ತ ಶುದ್ಧಿ ಮಾಡಿಸಲು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದವರು ಅವರೇ. ಭಾವ ಹೋದ ಮೇಲೆ ಅಕ್ಕ ಐವತ್ತರ ವಯಸ್ಸಿನಲ್ಲಿ ಸ್ಟೇರಿಂಗು ಹಿಡಿದಳು. ಮೊದಮೊದಲು ಬೀದಿಯವರು ದಾರಿ ಬಿಡುತ್ತಿದ್ದುದು ಗೌರವಕ್ಕಲ್ಲ, ಜೀವಭಯಕ್ಕೆ ಎಂದು ತಮ್ಮನೇ ನಗುತ್ತಿದ್ದ.

ಈಚೆಗೆ ಅವನು ನಗುವುದು ಬಿಟ್ಟಿದ್ದ. ಶುಕ್ರವಾರ ಕಾರು ಏರಿನ ಮಧ್ಯೆ ನಡುಗಿ ನಿಂತು, ಆಸ್ಪತ್ರೆಗೆ ಮುಟ್ಟುವಾಗ ಮುಕ್ಕಾಲು ಗಂಟೆ ತಡವಾಗಿತ್ತು. ವಾಪಸು ಬರುವಾಗ ಕಿಟಕಿಯಾಚೆ ನೋಡುತ್ತ, "ಈ ಗಾಡಿ ನಿಂತ ದಿನ ನಾನೂ ನಿಲ್ಲಿಸ್ತೀನಿ ಅಕ್ಕ. ಬೇರೆಯವರ ಗಾಡಿ ಹತ್ತಲ್ಲ," ಅಂದ. ಒಮ್ಮೆ ಬಾಡಿಗೆ ಗಾಡಿಯಲ್ಲಿ ವಾಂತಿಯಾಗಿ, ಚಾಲಕ ನಡುರಸ್ತೆಯಲ್ಲೇ ಇಳಿಸಿ ಹೋಗಿದ್ದ, ಅದು ಕಾರಣ. ಆದರೆ ಬರೀ ಅದಲ್ಲವೆಂದು ಅಕ್ಕನಿಗೆ ಗೊತ್ತಿತ್ತು. ರಕ್ತ ತೊಳೆಯುವ ಆ ಯಂತ್ರಕ್ಕೆ ಹೋಗುವುದು ನಿಂತರೆ ಅವನು ಬದುಕುವುದು ಹತ್ತು ದಿನ, ಹೆಚ್ಚೆಂದರೆ ಹದಿನೈದು. ಅವನು ಬೆದರಿಸುವ ದನಿಯಲ್ಲಿ ಹೇಳಿರಲಿಲ್ಲ. ಹೊತ್ತು ಹೊತ್ತು ದಣಿದವನು ಇಳಿಸಲು ಜಗುಲಿ ಹುಡುಕಿದ ಹಾಗಿತ್ತು.

ಪಕ್ಕದ ಬೀದಿಯ ಮೆಕ್ಯಾನಿಕ್ಕನ್ನು ಎಲ್ಲರೂ ಗೊಣಗಪ್ಪ ಅನ್ನುತ್ತಿದ್ದರು. ಅವನು ಬಂದು, ಈ ವೈರುಗಳನ್ನು ಇಲಿ ತಿಂದಿದೆಯೋ ಕಾಲ ತಿಂದಿದೆಯೋ ಎಂದು ಗೊಣಗಿ, ಹೊಸದು ತಂದಿಡಿ, ಮಗಳ ಮನೆಯಿಂದ ಮಂಗಳವಾರ ಬಂದು ಹಾಕುತ್ತೇನೆ ಅಂದು ಊರು ಬಿಟ್ಟಿದ್ದ. ಸೋಮವಾರ ಬೆಳಿಗ್ಗೆ ಆರೂವರೆಗೆ ತಮ್ಮನ ಸರದಿ. ಮಂಗಳವಾರದ ತನಕ ಯಾರು ಕಾಯುತ್ತಾರೆ?

ಬಿಡಿಭಾಗದ ಅಂಗಡಿಯ ಮುದುಕ ಅರ್ಧ ಬಾಗಿಲು ಎಳೆದಿದ್ದ. ಅಕ್ಕ ಚೀಲದಿಂದ ವೈರುಗಳನ್ನು ತೆಗೆದು, ಕೊರಳಲ್ಲೇ ಇದ್ದ ಟೇಪು ಬಿಚ್ಚಿದ್ದು ಕಂಡು ಅವನಿಗೆ ನಗು.

"ಏನಮ್ಮಾ, ಗಾಡಿಗೆ ಅಂಗಿ ಹೊಲಿಸ್ತೀರಾ?"

ಅವಳೂ ನಕ್ಕಳು, ಆದರೆ ಅಳತೆ ಬಿಡಲಿಲ್ಲ. ಅವನು ಈ ಮಾದರಿಯದೇ ಎಂದು ಕೊಟ್ಟ ಸಿದ್ಧ ಸೆಟ್ಟಿನಲ್ಲಿ ಅತಿ ಉದ್ದದ ವೈರು ಇಪ್ಪತ್ತೆರಡು ಇಂಚು. ಅವಳ ಕೈಯಲ್ಲಿದ್ದದ್ದು ಇಪ್ಪತ್ತಾರು. ಎಳೆದು ಹಾಕಿದರೆ ಆಗುತ್ತದೆ ಅಂದ. ಕಂಕುಳಲ್ಲಿ ಬಿಗಿಯಾದ ಅಂಗಿ ಮೊದಲ ಸಲ ಕೈ ಎತ್ತಿದಾಗಲೇ ಹರಿಯುತ್ತದೆ ಅಂದಳು. ಮುದುಕ ತಲೆದೂಗಿದ. ನಿಮ್ಮವರು ಇಂಜಿನ್ನಿನ ಕಾವು ತಾಗದಿರಲೆಂದು ಸುತ್ತು ಹಾಕಿ ತಂದಿರಬೇಕು, ಅಂದ.

ಹಾಗಾಗಿ ಸುರುಳಿಯಿಂದ ಕತ್ತರಿಸಿ ಮಾಡಿಸುವುದೆಂದಾಯಿತು. ಅದರಲ್ಲೂ ಎರಡು ಬಗೆ. ಒಳಗೆ ತಾಮ್ರದ ಎಳೆ ಇದ್ದದ್ದು ಗಟ್ಟಿ, ಬೇಗ ಸಾಯುವುದಿಲ್ಲ, ಆದರೆ ಕಾರಿನ ರೇಡಿಯೋ ಕರಕರ ಅನ್ನುತ್ತದೆ. ಇಂಗಾಲದ ಎಳೆಯದು ಅಷ್ಟು ಬಾಳಿಕೆಯದಲ್ಲ, ರೇಡಿಯೋಗೆ ತೊಂದರೆಯಿಲ್ಲ. ಬಾಳಿಕೆ ನೋಡಿ, ರೇಡಿಯೋ ಯಾರಿಗೆ ಬೇಕು, ಅಂದ ಮುದುಕ. ಸೂಜಿ ಚುಚ್ಚಿಸಿಕೊಂಡು ನಾಲ್ಕು ಗಂಟೆ ಮಲಗಿ ಬಂದವನು ದಾರಿಯುದ್ದಕ್ಕೂ ಕಣ್ಣು ಮುಚ್ಚಿ ಆ ರೇಡಿಯೋ ಒಂದನ್ನೇ ಕೇಳುವುದು ಅಕ್ಕನ ಕಣ್ಣಿಗೆ ಬಂತು. ಇಂಗಾಲದ್ದೇ ಕೊಡಿ, ಅಂದಳು. ಹೊಲಿಗೆಗೆ ಬಿಡುವಂತೆ ಪ್ರತಿಯೊಂದಕ್ಕೂ ಅರ್ಧ ಇಂಚು ಹೆಚ್ಚು ಕತ್ತರಿಸಿದಳು.

ತುದಿಗಳಿಗೆ ರಬ್ಬರಿನ ಟೋಪಿ ಒತ್ತುತ್ತ ಮುದುಕ ಯಾವುದು ಎಲ್ಲಿಗೆ ಎಂದು ಗುರುತು ಹಾಕಿಕೊಂಡಿದ್ದೀರಿ ತಾನೇ ಎಂದು ಕೇಳಿದ. ಅಕ್ಕ ಇಲ್ಲವೆಂದು ತಲೆಯಾಡಿಸಿದಳು. ಅವನು ಕೈಯಲ್ಲಿದ್ದ ಇಕ್ಕುಳ ಕೆಳಗಿಟ್ಟ.

"ಒಂದು ಕಿತ್ತು ಒಂದು ಹಾಕ್ಬೇಕಿತ್ತಮ್ಮ. ಈ ಹಳೇ ಗಾಡಿಗಳನ್ನ ಒಬ್ಬೊಬ್ಬ ಒಂದೊಂದು ಥರ ಕಟ್ಟಿರ್ತಾನೆ. ಕಟ್ಟಿದವನಿಗೇ ಗೊತ್ತು."

ಕಟ್ಟಿದವರು ಇರಲಿಲ್ಲ. ಆದರೆ ಅವರು ಕಟ್ಟುವಾಗ ಟಾರ್ಚು ಹಿಡಿದು ಪಕ್ಕದಲ್ಲಿ ನಿಂತಿದ್ದವನು ಮನೆಯಲ್ಲಿ ಮಲಗಿದ್ದ. ಭಾವ ಅವನಿಗೆ ಒಂದೊಂದು ವೈರನ್ನೂ ಮುಟ್ಟಿಸಿ ಹೇಳಿಕೊಟ್ಟಿದ್ದರು, ಮಗ್ಗಿ ಒಪ್ಪಿಸಿದ ಹಾಗೆ ಒಪ್ಪಿಸಿಕೊಂಡಿದ್ದರು.

ಮಧ್ಯಾಹ್ನ ಅಕ್ಕ ಅವನ ಮಂಚದ ಅಂಚಿಗೆ ಕೂತು ತನ್ನ ಎಡವಟ್ಟು ಹೇಳಿಕೊಂಡಳು. ತಮ್ಮ ಗೋಡೆಯ ಕಡೆ ಹೊರಳಿದ. ಆಮೇಲೆ ಗೋಡೆ ನೋಡುತ್ತಲೇ ಹೇಳಿದ: ಮುಚ್ಚಳದಲ್ಲಿ ಮೇಲ್ಗಡೆಯ ತೂತು ಮೊದಲನೆಯ ಪ್ಲಗ್ಗಿಗೆ, ಬಲದ್ದು ಎರಡನೆಯದಕ್ಕೆ, ಕೆಳಗಿನದು ಮೂರಕ್ಕೆ, ಎಡದ್ದು ನಾಲ್ಕಕ್ಕೆ. ಅವಳು ಬಟ್ಟೆಗೆ ಗೆರೆ ಎಳೆಯುವ ಸೀಮೆಸುಣ್ಣದಲ್ಲಿ ಮೇಜಿನ ಮೇಲೆ ಬರೆದುಕೊಂಡಳು.

ಹಾಕಿದಳು. ಚಾವಿ ತಿರುಗಿಸಿದಳು. ಗಾಡಿ ಢಬ್ ಅಂದು ಸುಮ್ಮನಾಯಿತು.

ಅಕ್ಕನಿಗೆ ಅನುಮಾನ ಬಂದದ್ದು ತನ್ನ ಮೇಲೆಯೇ. ಎಲ್ಲ ಬಿಚ್ಚಿದಳು, ಬರೆದದ್ದು ನೋಡಿ ಮತ್ತೆ ಹಾಕಿದಳು. ಢಬ್. ಮೂರನೆಯ ಸಲ ಬಿಚ್ಚಿ, ಟೋಪಿಗಳು ಸರಿಯಾಗಿ ಕೂತಿಲ್ಲವೇನೋ ಎಂದು ಒಂದೊಂದನ್ನೂ ಒತ್ತಿದಳು. ಹೆಬ್ಬೆರಳ ಚರ್ಮ ಸುಲಿಯಿತು. ಕಿಟಕಿಯ ಬಳಿ ಎದ್ದು ಕೂತಿದ್ದ ತಮ್ಮನಿಗೆ ಅವಳು ತನ್ನನ್ನೇ ಬೈದುಕೊಳ್ಳುವುದು ಕೇಳುತ್ತಿತ್ತು: ದಡ್ಡಿ ಕಣೇ ನೀನು, ಅವರು ಇದ್ದಾಗ ಒಂದು ದಿನವಾದರೂ ಬಂದು ನೋಡಿದೆಯಾ, ಕಲಿತೆಯಾ. ಸಾಯಂಕಾಲದ ಬಿಸಿಲು ಬಾನೆಟ್ಟಿನಿಂದ ಇಳಿದು ಹೋಗಿತ್ತು. ಅವಳು ನಾಲ್ಕನೆಯ ಸಲ ಬಿಚ್ಚಲು ಬಗ್ಗಿದಳು.

"ಅಕ್ಕಾ, ಬಿಡು. ನಿಂದೇನೂ ತಪ್ಪಿಲ್ಲ. ನಾನೇ ತಪ್ಪು ಹೇಳ್ದೆ."

"ಮರೆತು ಹೋಗಿತ್ತಾ?"

"ಮರೆತಿಲ್ಲ."

ಅವಳು ನೆಟ್ಟಗಾದಳು. ಸೆರಗಿನಿಂದ ಕೈ ಒರೆಸಿಕೊಂಡಳು, ಒರೆಸಿದ ಬೆರಳನ್ನೇ ಮತ್ತೆ ಒರೆಸಿದಳು. ಬೈಯಬೇಕೆಂದು ಬಾಯಿತನಕ ಬಂದದ್ದನ್ನು ನುಂಗಿದಳು. ಮೂರು ವರ್ಷ ವಾರಕ್ಕೆ ಆರು ಸೂಜಿ ಚುಚ್ಚಿಸಿಕೊಂಡವನಿಗೆ ಏನೆಂದು ಬೈಯುವುದು? ಬೈಯದೆ ಇರುವುದಾದರೂ ಹೇಗೆ? ಬಂದು ಕಿಟಕಿಯ ಕಂಬಿ ಹಿಡಿದು ನಿಂತಳು.

"ಸಾಕು ಅನ್ನಿಸಿದ್ರೆ ನನ್ನ ಮುಖ ನೋಡಿ ಹೇಳು. ಡಾಕ್ಟರ ಮುಂದೆ ಕೂತು ಹೇಳು. ನಾನು ಅಳ್ತೀನಿ, ಕಿರುಚ್ತೀನಿ, ಆಮೇಲೆ ಕೇಳ್ತೀನಿ. ಆದ್ರೆ ಗಾಡಿ ಕೈಲಿ ಹೇಳಿಸ್ಬೇಡ. ನನ್ನ ಕೈಯಿಂದ್ಲೇ ಆಯ್ತು ಅಂತ ಸಾಯೋತನಕ ಅಂದ್ಕೊಂಡಿರ್ತಿದ್ದೆ ಕಣೋ."

ಅದನ್ನು ಅವನು ಯೋಚಿಸಿರಲಿಲ್ಲ. ಅವನ ಮುಖದಲ್ಲೇ ಕಂಡಿತು. ಯಾರಿಗೂ ನೋವಾಗದ ದಾರಿ ಹುಡುಕಿದೆನೆಂದುಕೊಂಡವನು ಇದ್ದೊಬ್ಬ ಅಕ್ಕನ ತಲೆಗೇ ಹೊರೆ ಕಟ್ಟಿದ್ದ.

ಸ್ವಲ್ಪ ಹೊತ್ತಿಗೆ ಚಪ್ಪಲಿ ಎಳೆಯುವ ಸದ್ದಾಯಿತು. ಹೊಸ್ತಿಲಿನಿಂದ ಕಾರಿಗೆ ಹನ್ನೊಂದು ಹೆಜ್ಜೆ; ನಡುವೆ ಎರಡು ಕಡೆ ನಿಂತ. ಅಕ್ಕ ಹೊಲಿಗೆ ಯಂತ್ರದ ಸ್ಟೂಲು ತಂದು ಹಾಕಿದಳು. ಅವನ ಎಡಗೈಗೆ ಶ್ರಮ ಕೊಡುವ ಹಾಗಿರಲಿಲ್ಲ. ಅದರಲ್ಲಿ ಸೂಜಿ ಹಾಕುವ ನರ ಬಳ್ಳಿಯಂತೆ ಉಬ್ಬಿತ್ತು, ಮುಟ್ಟಿದರೆ ಒಳಗೆ ಏನೋ ಗುಂಯ್ ಎಂದು ಓಡುತ್ತಿತ್ತು. ಅವನು ಬಲಗೈಯಿಂದಲೇ ಒಂದೊಂದು ವೈರು ಆರಿಸಿ ಕೊಟ್ಟು ಯಾವ ತೂತಿಗೆ ಎಂದು ತೋರಿಸಿದ, ಅವಳು ಒತ್ತಿದಳು. ಉದ್ದದ್ದನ್ನು ಇಂಜಿನ್ನಿನ ಹಿಂದಿನಿಂದ ಸುತ್ತಿ ತಾ ಅಂದ. ಇಷ್ಟುದ್ದ ಯಾಕೆ ಬೇಕಿತ್ತು ಎಂದು ಈಗ ಅವಳಿಗೂ ಕಂಡಿತು.

ಚಾವಿ ತಿರುಗಿಸಿದಾಗ ಗಾಡಿ ಒಂದು ಕ್ಷಣ ತಡವರಿಸಿ, ನಡುಕವಿಲ್ಲದೆ ಹಿಡಿಯಿತು.

ಅಕ್ಕ ಇಳಿದು ಬಂದಳು. ಇಬ್ಬರೂ ಇಂಜಿನ್ನನ್ನೇ ನೋಡುತ್ತಿದ್ದರು, ಒಬ್ಬರ ಮುಖ ಒಬ್ಬರು ನೋಡುವುದು ಕಷ್ಟವಾಗಿತ್ತು. ಕೊನೆಗೆ ತಮ್ಮನೇ ತಲೆ ಎತ್ತಿದ.

"ಹೇಳೋ ದಿನ ಬಂದ್ರೆ ನಿನಗೇ ಹೇಳ್ತೀನಿ. ಮುಖ ನೋಡೇ ಹೇಳ್ತೀನಿ."

ಅವಳು ಧೈರ್ಯ ಮಾಡಿ ಕೇಳಿದಳು. "ನಾಳೆನಾ?"

"ನಾಳೆ ಅಲ್ಲ."

ಸ್ಟೂಲಿನಿಂದ ಏಳಲು ಅವನಿಗೆ ಆಸರೆ ಬೇಕಾಯಿತು. ಅಕ್ಕ ಭುಜ ಕೊಟ್ಟಳು. ಹನ್ನೊಂದು ಹೆಜ್ಜೆಯ ದಾರಿಯಲ್ಲಿ ಈ ಸಲ ಒಂದೇ ಕಡೆ ನಿಂತರು. ಬೀದಿಯಲ್ಲಿ ನಿಂತ ಕಾರಿನ ಇಂಜಿನ್ನು ತನ್ನ ಪಾಡಿಗೆ ಓಡುತ್ತಲೇ ಇತ್ತು. ಆರಿಸಬೇಕೆಂದು ಇಬ್ಬರಿಗೂ ನೆನಪಾಗಲಿಲ್ಲ.