ಕಾಡತೂಸಿನ ಗಂಟು

"ನಲವತ್ತು ತುಂಬೂದ್ರಾಗ ನಿನ್ನ ತಲಿ ಮ್ಯಾಲಿನ ಬುಟ್ಟಿ ಇಳಿಸಿ ಸ್ವಂತ ಅಂಗಡ್ಯಾಗ ಕುಂದರಸ್ತೀನಿ" ಎಂದು ದೇವಪ್ಪ ಹೆಂಡತಿಗೆ ಮಾತು ಕೊಟ್ಟು ಹದಿನೆಂಟು ವರ್ಷವಾಗಿತ್ತು. ಬಾದಾಮಿ ಕಡೆಯಿಂದ ಗೋವಾದ ವಾಸ್ಕೋಕ್ಕೆ ಬಂದ ಹೊಸತು. ಐದು ತಿಂಗಳ ಬಸುರಿ ಚಂದವ್ವ ಕಟ್ಟಡದ ಮೂರನೇ ಮಾಳಿಗೆಗೆ ಸಿಮೆಂಟು ಹೊರುತ್ತ ಕಣ್ಣು ಕತ್ತಲೆಗಟ್ಟಿ ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದಳು. ಆಕೆಯ ಅಂಗಾಲು ತಿಕ್ಕುತ್ತ ಹೇಳಿದ ಮಾತದು. ಕೊಟ್ಟವರು ಮರೆತಾರು, ಇಸಕೊಂಡವರು ಮರೆಯುವುದಿಲ್ಲ.

ಈ ದಸರಾಕ್ಕೆ ಚಂದವ್ವನಿಗೆ ಮೂವತ್ತೊಂಬತ್ತು. ಬುಟ್ಟಿ ಇನ್ನೂ ಇಳಿದಿರಲಿಲ್ಲ, ಆದರೆ ಅಂಗಡಿ ಗೊತ್ತಾಗಿತ್ತು. ಬೈನಾದ ಬಸ್‌ಸ್ಟಾಪಿನ ಬಾಜೂಕ ಹುಬ್ಬಳ್ಳಿಯ ಮುದುಕಿ ಜೈನಬ ಮಿರ್ಚಿಭಜಿ ಕರಿಯುವ ತಗಡಿನ ಅಂಗಡಿ. ಅವಳು ಊರಿಗೆ ಮರಳುವವಳಿದ್ದಳು.

"ನಿನ್ನ ಜ್ವಾಳದ ರೊಟ್ಟಿ ಇಲ್ಲಿ ಇಟ್ರ ಬಂದರದ ಮಂದಿ ಸಾಲು ಹಚ್ಚತಾರ," ಎಂದಿದ್ದಳು ಜೈನಬ. "ದಸರಾ ಮರುದಿನ ಅಡ್ವಾನ್ಸ್ ಕೊಟ್ಟು ಕೀಲಿ ತಗೋ ತಂಗಿ. ಅವತ್ತು ಸಂಜಿ ತನಕ ಅಷ್ಟ ಕಾಯ್ತೀನಿ. ಮೋಮೋ ಮಾರಾಂವ ದಿನಾ ಬಂದು ಗಂಟ ಬಿದ್ದಾನ."

ಇಬ್ಬರ ದುಡಿಮೆಯ ಉಳಿತಾಯವೂ ದೇವಪ್ಪನ ಹೆಸರಿನ ಖಾತೆಯಲ್ಲಿತ್ತು. ಅವನೀಗ ಬ್ಯಾಂಕಿನ ರೊಕ್ಕ ಒಯ್ಯುವ ಗಾಡಿಗೆ ಕಾವಲುಗಾರ. ಜೋಡುನಳಿಗೆ ಬಂದೂಕು ಸ್ವಂತದ್ದು, ಲೈಸೆನ್ಸು ತಂದೆಯ ಕಾಲದ್ದು. ಅಡ್ವಾನ್ಸಿನ ಮಾತು ತೆಗೆದಾಗೆಲ್ಲ "ಐತಿ, ಐತಿ" ಅನ್ನುತ್ತಿದ್ದ.

ಖಂಡೇನವಮಿಯ ಮುಂಜಾನೆ ದೇವಪ್ಪ ಮಿಂದು, ಕಂಬಳಿ ಹಾಸಿ, ಬಂದೂಕು ಇಟ್ಟ. ಚಂದವ್ವ ತನ್ನ ಬುಟ್ಟಿ, ಸಲಿಕೆ, ರೊಟ್ಟಿಹಿಟ್ಟು ನಾದುವ ಕೊಣಮಿಗೆ ತಂದಿಟ್ಟಳು. ಆಮೇಲೆ ಅವನು ಕಾಟಿನ ಕೆಳಗಿಂದ ಟ್ರಂಕು ಎಳೆದ. ಅದರೊಳಗಿಂದ ರಟ್ಟಿನ ಡಬ್ಬಿಗಳು ಬಂದವು, ಬರುತ್ತಲೇ ಇದ್ದವು. ಒಂದೊಂದನ್ನೂ ಹರಿದು, ಕೆಂಪು ಕಾಡತೂಸುಗಳನ್ನು ಸಾಲಾಗಿ ನಿಲ್ಲಿಸಿ, ಹಿತ್ತಾಳೆಯ ತಳಕ್ಕೆ ಹಸಿ ಕುಂಕುಮ ಇಡತೊಡಗಿದ. ನಾಲ್ಕು ತಿಂಗಳು ಹೆಂಡತಿಯ ಕಣ್ಣು ತಪ್ಪಿಸಿ ಮುಚ್ಚಿಟ್ಟಿದ್ದ. ಹೆಂಡತಿಗೆ ಮೋಸ ಮಾಡಲು ಹಿಂಜರಿಯದ ಗಂಡಸಿಗೆ, ಆಯುಧವನ್ನು ಪೂಜೆ ಇಲ್ಲದೆ ಬಿಡಲು ಮಾತ್ರ ಮನಸ್ಸು ಬರಲಿಲ್ಲ. ಕಾಯಿ ಒಡೆದ, ಅದರ ನೀರನ್ನೂ ಎಲ್ಲದರ ಮೇಲೆ ಚಿಮುಕಿಸಿದ.

"ಏನ್ರಿ ಇದು? ಯುದ್ಧಕ್ಕ ಹೊಂಟೀರೇನು?"

"ಗಂಟು," ಎಂದ ದೇವಪ್ಪ, ತಲೆ ಎತ್ತದೆ. "ಬಂಗಾರಕ್ಕಿಂತ ಚಲೋ. ಮೊಬೈಲಿನ್ಯಾಗ ಒಬ್ಬಾಂವ ದಿನಾ ಹೇಳ್ತಾನ. ಪರದೇಶದಾಗ ಮಂದಿ ಕ್ವಾಣಿ ತುಂಬ ಕಾಡತೂಸು ಇಟ್ಟಾರಂತ. ಎರಡ ವರ್ಷದಾಗ ಡಬಲ್. ಕುಬೇರನೂ ಹೂಂ ಅಂದ."

ಕುಬೇರ ಅದೇ ಗಾಡಿಯ ಇನ್ನೊಬ್ಬ ಕಾವಲುಗಾರ.

"ಅವ ಎಷ್ಟ ತಗೊಂಡಾನ?"

"ಅವ ತಗೊಂಡಿಲ್ಲ. ನನ್ನ ಲೈಸೆನ್ಸಿನ ಮಿತಿ ಮುಗೀತು. ಅದಕ್ಕ ತನ್ನ ಲೈಸೆನ್ಸಿನ ಮ್ಯಾಲೆ ತಂದುಕೊಟ್ಟ."

"ಅಂದ್ರ ಶಾಣ್ಯಾ ಅವ. ಅಂಗಡಿ ಅಡ್ವಾನ್ಸ್?"

ದೇವಪ್ಪ ಕಾಡತೂಸುಗಳ ಕಡೆ ಕೈ ಮಾಡಿದ.

ಚಂದವ್ವನ ಮೈಯೆಲ್ಲ ಕೆಂಡವಾಯಿತು. ಆದರೂ ದನಿ ಏರಲಿಲ್ಲ. ಏರಿದ್ದರೆ ಅವನಿಗೆ ಹಗುರವಾಗುತ್ತಿತ್ತು. "ಬಂಗಾರ ಆಗಿದ್ರ ಇವತ್ತ ಒತ್ತಿ ಇಟ್ಟು ಬರ್ತಿದ್ದೆ. ಎರಡು ಆಡು ಕಟ್ಟಿದ್ರ ಮರಿ ಹಾಕ್ತಿದ್ದವು. ಇವನ್ನ ಯಾರಿಗೆ ಮಾರ್ತಿ ನೀ? ಬಸ್‌ಸ್ಟಾಪಿನ್ಯಾಗ ಹಾಸಿಕೊಂಡು ಕುಂದರ್ತಿಯೇನು?"

"ರೇಟ್ ಏರಲಿ ಅಂತ..."

"ಯಾವಾಗ ಏರತೈತಿ ಅದು? ಮಂದಿ ಮಂದಿಗೆ ಅಂಜಿದಾಗ. ಊರಾಗ ಬಡದಾಟ ಬಿದ್ದಾಗ. ಅಂದ್ರ ನಾ ದಿನಾ ಕೈ ಮುಗಿದು ಊರು ಕೆಡ್ಲಿ ಅಂತ ಬೇಡ್ಕೋಬೇಕು. ನನ್ನ ರೊಟ್ಟಿ ಅಂಗಡಿ ಏಳಾಕ ಯಾರದರೆ ಮನಿ ಬೀಳಬೇಕು. ಇಂಥ ಗಂಟು ಕಟ್ಟಾಕ ನನ್ನ ಕೂಲಿ ಬೇಕಾತು ನಿನಗ."

ದೇವಪ್ಪ ಊದಿನಕಡ್ಡಿ ಹಚ್ಚಿದ. ಅದು ಆಕೆಯನ್ನು ಇನ್ನಷ್ಟು ಸುಟ್ಟಿತು.

ದಸರಾ ಮರುದಿನ ಬೆಳಗಿನ ಮೊದಲ ಬಸ್ಸಿಗೆ ಚಂದವ್ವ ಗಂಡನನ್ನು ಎಬ್ಬಿಸಿಕೊಂಡು ಪಣಜಿಗೆ ಹೊರಟಳು. ಕೊಂಡಲ್ಲೇ ಮರಳಿಸಿ, ಬಂದಷ್ಟು ತಂದು, ಸಂಜೆಯೊಳಗೆ ಜೈನಬಳ ಕೈಗೆ ಹಾಕುವುದು ಆಕೆಯ ಲೆಕ್ಕ. ಬಂದೂಕಿನ ಅಂಗಡಿಯ ರಘುವೀರ ಬೆಳಗಾವಿಯವ. ಚೀಲ ಬಿಚ್ಚಿದೊಡನೆ ಅವನ ಮುಖ ಬದಲಾಯಿತು. ಒಂದು ಕಾಡತೂಸು ಎತ್ತಿ ತಳ ನೋಡಿದ. ಕಿಡಿ ಹುಟ್ಟಿಸುವ ನಡುವಿನ ಬೊಟ್ಟಿನ ಸುತ್ತ ಕುಂಕುಮ ಕೆಸರಾಗಿ ಒಣಗಿತ್ತು.

"ತಗೊಳಾಕ ಬರೂದಿಲ್ಲರಿ ಅಕ್ಕಾರ. ಡಬ್ಬಿ ಹರದೀರಿ, ನೀರು ಹೊಡದೀರಿ. ಸುಮ್ಮನ ಡಬ್ಬ್ಯಾಗ ಇದ್ದಿದ್ರ ನೋಡಬಹುದಿತ್ತು. ನಾಳೆ ಇದು ಯಾರದರೆ ಬಂದೂಕಿನ್ಯಾಗ ಕೈಕೊಟ್ರ ನನ್ನ ಕೊರಳಿಗೆ ಬರತೈತಿ."

"ಕಮ್ಮಿ ಕೊಡ್ರಿ."

"ಪುಕ್ಕಟ ಕೊಟ್ರೂ ಬ್ಯಾಡ. ಮ್ಯಾಲೆ ಇದರಾಗ ಅರ್ಧ ಕುಬೇರನ ಹೆಸರಿಲೆ ಹೋಗಿದ್ದು. ಇವರ ಚೀಲದಾಗ ಯಾಕದಾವು? ಮಿತಿಗಿಂತ ಹೆಚ್ಚಿನವು ಠಾಣೆಗೆ ಒಯ್ದು ಒಪ್ಪಿಸ್ರಿ. ಅಲ್ಲಿ ರೊಕ್ಕ ಕೇಳಬ್ಯಾಡ್ರಿ, ನಗ್ತಾರ."

"ಅದ ಕುಬೇರ ಮ್ಯಾಲಿಂದ ಮ್ಯಾಲೆ ಬಂದಾಗ ನಿಮಗ ಈ ಪ್ರಶ್ನೆ ಹುಟ್ಟಲಿಲ್ಲೇನ್ರಿ? ಮಾರೂ ಮುಂದ ಕಣ್ಣು ಮುಚ್ಚಿತ್ತು, ತಗೊಳೂ ಮುಂದ ಎಲ್ಲಾ ಕಾಣಾಕತ್ತೈತಿ."

ರಘುವೀರ ಬಾಗಿಲ ಕಡೆ ನೋಡಿದ. ಚೀಲವನ್ನು ಅವರ ಕಡೆ ತಳ್ಳಿದ.

ಠಾಣೆಯಲ್ಲಿ ಹಗಲೆಲ್ಲ ಕೂರಿಸಿದರು. ಚೀಲ ಇಸಕೊಂಡರು, ಲೈಸೆನ್ಸು ಇಸಕೊಂಡರು, ಬಂದೂಕು ತಂದು ಒಪ್ಪಿಸಲು ಹೇಳಿದರು, ಕುಬೇರನಿಗೂ ಕರೆ ಹೋಯಿತು. ಬಾಗಿಲ ಬಳಿಯ ಹವಾಲ್ದಾರ ಹಿಂದಿಯಲ್ಲಿ, "ಎಫ್‌ಡಿ ಮಾಡಿಸಬಾರದಿತ್ತೇನಪ್ಪ" ಎಂದು ನಕ್ಕ. ದೇವಪ್ಪನೂ ಜೊತೆಗೆ ಒಂದಿಷ್ಟು ನಕ್ಕ. ಚಂದವ್ವನಿಗೆ ಇಡೀ ದಿನದಲ್ಲಿ ಸಹಿಸಲಾಗದ್ದು ಅದೊಂದೇ.

"ನಗಬ್ಯಾಡ," ಎಂದಳು. "ನಿನ್ನ ಹೆಂಡತಿಯ ಹದಿನೆಂಟು ವರ್ಷ ಆ ಚೀಲದಾಗ ಅದಾವು."

ಬೈನಾಕ್ಕೆ ಬಂದಾಗ ಬೀದಿದೀಪ ಹತ್ತಿದ್ದವು. ಜೈನಬ ಕಾಯುವಷ್ಟು ಕಾದು ಕೀಲಿಯನ್ನು ಮೋಮೋದವನಿಗೆ ಕೊಟ್ಟಿದ್ದಳು. "ನಾ ಏನ್ ಮಾಡ್ಲಿ ತಂಗಿ, ನಾಳೆ ಮುಂಜಾನೆ ನನ್ನ ಗಾಡಿ," ಎಂದಳು.

ಸಂಕ್ರಾಂತಿ ಕಳೆದು ಚಂದವ್ವನಿಗೆ ನಲವತ್ತು ತುಂಬಿತು. ದೇವಪ್ಪ ಕೊಟ್ಟ ಮಾತು ನಡೆಸಲಿಲ್ಲ.